ಮೊಮ್ಮಗಳಿಗೊಂದು ಬಾಡಿಗೆ ಸೀಟು

ಮಗು ಹುಟ್ಟುವ ಮೊದಲು ಅದಕ್ಕಾಗಿ ಏನನ್ನೂ ಮನೆಗೆ ತರಬಾರದು ಎನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ತೊಟ್ಟಿಲಿಲ್ಲ, ಅಂಗಿಯಿಲ್ಲ, ಒಂದು ಗಿಲಕಿಯೂ ಇಲ್ಲ. ಉಡುಪಿ ಕಡೆಯಿಂದ ಚೆನ್ನೈಗೆ ಬಂದು, ಮೈಲಾಪೂರಿನಲ್ಲಿ ಹೋಟೆಲು ಇಟ್ಟು, ತಲೆಯೆಲ್ಲ ನರೆತರೂ ಈ ನಿಯಮ ಮುರಿಯುವ ಧೈರ್ಯ ನನಗೆ ಬಂದಿರಲಿಲ್ಲ. ಏಕೆಂದರೆ ಅದನ್ನು ಕಾಯುವವಳು ನನ್ನ ಹೆಂಡತಿ. ಹಾಗಾಗಿ ತುಂಬು ಬಸುರಿ ಮಗಳು ಫೋನು ಮಾಡಿ, "ಅಪ್ಪ, ಪಾಪುವನ್ನು ಆಸ್ಪತ್ರೆಯಿಂದ ಕರ್ಕೊಂಡು ಬರ್ಲಿಕ್ಕೆ ಕಾರಿಗೆ ಬೇಬಿ ಸೀಟು ಬೇಕು" ಎಂದಾಗ ನಾನು ಮೊದಲು ಅಡಿಗೆಮನೆಯ ಕಡೆ ನೋಡಿದೆ, ಆಮೇಲೆ ದನಿ ತಗ್ಗಿಸಿದೆ.

ಮಗಳು ಅಳಿಯ ಇರುವುದು ತಿರುವೊಟ್ಟಿಯೂರಿನಲ್ಲಿ. ಅಳಿಯ ಮೈಸೂರಿನವನು, ತಿರುವೊಟ್ಟಿಯೂರಿನದೇ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಅವಳನ್ನು ನೋಡುತ್ತಿದ್ದ ಡಾಕ್ಟರು ಅಲ್ಲೇ ಇದ್ದುದರಿಂದ ಹೆರಿಗೆ ಅಲ್ಲಿ, ಬಾಣಂತನ ನಮ್ಮಲ್ಲಿ ಎಂದು ತೀರ್ಮಾನವಾಗಿತ್ತು. ನಡುವೆ ಬಂದರಿನ ರಸ್ತೆ. ಕಂಟೇನರು ಹೊತ್ತ ಟ್ರೇಲರ್ ಲಾರಿಗಳು ಅಲ್ಲಿ ಆನೆಗಳ ಹಾಗೆ ಸಾಲುಗಟ್ಟಿ ಹೋಗುತ್ತವೆ, ಆನೆಗಿರುವ ಸೌಜನ್ಯ ಮಾತ್ರ ಅವುಗಳಿಗಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. "ನಿನ್ನನ್ನು ನಾವು ಆಟೋದಲ್ಲಿ ತಂದದ್ದು. ಅಜ್ಜಿ ಮಡಿಲಲ್ಲಿ ಹಾಕ್ಕೊಂಡು ಬಂದ್ರು. ನಿಂಗೆ ಎಂಥ ಆಯ್ತು?" ಎಂದೆ.

"ಪುಣ್ಯಕ್ಕೆ ಆಗ್ಲಿಲ್ಲ, ಅಷ್ಟೇ ಅಪ್ಪ" ಎಂದಳು ಮಗಳು.

ಆ ದಿನವಿಡೀ ಗಲ್ಲಾದಲ್ಲಿ ಕೂತು ಯೋಚಿಸಿದಾಗ ಒಂದು ದಾರಿ ಹೊಳೆಯಿತು. ಕೊಂಡರೆ ತಾನೇ ತಪ್ಪು? ಬಾಡಿಗೆಗೆ ತಂದರೆ ಅದು ನಮ್ಮ ಮಗುವಿನ ವಸ್ತುವೇ ಅಲ್ಲ, ಬೇರೆ ಯಾರದ್ದೋ. ಹೆಂಡತಿಯ ಮುಂದೆ ಈ ವಾದವನ್ನು ಹೈಕೋರ್ಟು ವಕೀಲನ ಗತ್ತಿನಲ್ಲಿ ಮಂಡಿಸಿದೆ. ಅವಳು ಬೀನ್ಸ್ ನಾರು ತೆಗೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಬಾಡಿಗೆಯದ್ದಾದ್ರೂ ಮನೆಯೊಳಗೆ ತರುದು ಬೇಡ. ಕಾರಲ್ಲಿ ಬೇಕಾದ್ರೆ ಇರ್ಲಿ. ಆದ್ರೆ ಪಾಪು ಬರುದು ನನ್ನ ಮಡಿಲಲ್ಲಿ. ಅದ್ರಲ್ಲಿ ಮಾತಿಲ್ಲ."

ಮೊದಲ ಮೊಮ್ಮಗುವನ್ನು ಆಸ್ಪತ್ರೆಯಿಂದ ಮಡಿಲಲ್ಲೇ ಮನೆಗೆ ತರುವುದು ಅವಳ ಎಷ್ಟೋ ವರ್ಷಗಳ ಆಸೆ ಎಂದು ನನಗೆ ಗೊತ್ತಿತ್ತು. ಅವಳ ಅಮ್ಮ ನಮ್ಮ ಮಗಳನ್ನು ಹಾಗೇ ತಂದಿದ್ದರು. ಮದುವೆಯಾದವರಿಗೆಲ್ಲ ಒಲಿಯುವ ಜಾಣಕಿವುಡಿನಿಂದ ಅಲ್ಲಿಂದ ಜಾರಿಕೊಂಡೆ.

ಬೆಸೆಂಟ್ ನಗರದಲ್ಲಿ ಮಕ್ಕಳ ಸಾಮಾನು ಬಾಡಿಗೆಗೆ ಕೊಡುವ ಒಬ್ಬ ಹೆಂಗಸಿದ್ದಾಳೆ ಎಂದು ಮಗಳೇ ಪತ್ತೆ ಹಚ್ಚಿದ್ದಳು. ಕಾರಿಡುವ ಜಾಗವನ್ನೇ ಅವಳು ಅಂಗಡಿ ಮಾಡಿಕೊಂಡಿದ್ದಳು. ತಳ್ಳುಗಾಡಿ, ತೊಟ್ಟಿಲು, ಎತ್ತರದ ಕುರ್ಚಿಗಳ ನಡುವೆ ಹತ್ತಾರು ಸೀಟುಗಳು. ಮಗಳು ಹೇಳಿಕೊಟ್ಟಿದ್ದಂತೆ, ಈ ಸೀಟು ಯಾವತ್ತಾದರೂ ಅಪಘಾತವಾದ ಕಾರಿನಲ್ಲಿ ಇತ್ತೇ ಎಂದು ಕೇಳಿದೆ. ಇಲ್ಲ ಎಂದಳು. ಅಡಿಯಲ್ಲಿದ್ದ ಬಳಕೆಯ ಅವಧಿಯನ್ನೂ ಓದಿದೆ, ಬ್ರೆಡ್ಡಿನ ಪೊಟ್ಟಣ ತಿರುಗಿಸಿ ನೋಡುವ ಅಭ್ಯಾಸ ನನಗೆ ಮೊದಲೇ ಇದೆ. ಆಮೇಲೆ ಅದನ್ನೆತ್ತಿ ಕಾರಿನ ಹಿಂದಿನ ಸೀಟಿನ ಮೇಲೆ ಮುಂದಕ್ಕೆ ಮುಖ ಮಾಡಿ ಇಟ್ಟೆ. ಮಗು ಚೆನ್ನೈ ನೋಡಿಕೊಂಡು ಬರಲಿ ಎಂದು.

"ಅಯ್ಯೋ ಅಂಕಲ್, ಕೊಳಂದ ಪಿನ್ನಾಡಿ ಪಾತ್ತು ಉಕ್ಕಾರಣುಂ!" ಎಂದಳು. ಮಗು ಹಿಂದಕ್ಕೆ ನೋಡಿಕೊಂಡು ಕೂರಬೇಕಂತೆ. ಗಕ್ಕನೆ ಬ್ರೇಕು ಹಾಕಿದರೆ ಎಳೆಯ ಕತ್ತು ಮುಂದಕ್ಕೆ ಬೀಳದೆ, ಬೆನ್ನು ತಲೆ ಎರಡನ್ನೂ ಸೀಟೇ ತಡೆದುಕೊಳ್ಳುತ್ತದಂತೆ. ಕಾರಿನ ಬೆಲ್ಟನ್ನು ಸೀಟಿನ ನೀಲಿ ಗುರುತುಗಳಲ್ಲಿ ತೂರಿಸಿ, ಮೊಣಕಾಲೂರಿ ಭಾರ ಹಾಕಿ ಎಳೆಯುವುದನ್ನು ತೋರಿಸಿದಳು. ಆಮೇಲೆ ಬುಡ ಹಿಡಿದು ಅಲ್ಲಾಡಿಸಿದರೆ ಸೀಟಿನ ಜೊತೆ ಕಾರೇ ಅಲ್ಲಾಡಬೇಕು. ಒಳಗಿನ ಪಟ್ಟಿಗಳನ್ನೂ ವಿವರಿಸತೊಡಗಿದಳು. ನಾನು ಕೈಯೆತ್ತಿ ತಡೆದೆ. ಹೋಟೆಲಿನವನಿಗೆ ಕಟ್ಟುವುದನ್ನು ಕಲಿಸುವುದೇ? ಬಾಳೆಲೆ, ಪೇಪರು, ಹುರಿದಾರ ಕೊಟ್ಟರೆ ಕುದಿಯುವ ಸಾಂಬಾರನ್ನೂ ತೊಟ್ಟು ಸೋರದಂತೆ ಕಟ್ಟಿದ ಕೈ ಇದು ಎಂದೆ. ಅವಳು ನಕ್ಕು ಬಾಡಿಗೆಯ ಚೀಟಿ ಬರೆದಳು.

ಸೀಟು ಮನೆಗೆ ಬರುವಂತಿಲ್ಲವಲ್ಲ, ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಪಕ್ಕ ಇಟ್ಟೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ನನ್ನ ಅಭ್ಯಾಸ ಶುರು. ಹುಟ್ಟಿದ ಮಗು ಮೂರು ಕಿಲೋ ಇರಬಹುದು ಎಂದುಕೊಂಡು ಅಷ್ಟೇ ಉದ್ದಿನಬೇಳೆಯನ್ನು ಚೀಲಕ್ಕೆ ತುಂಬಿ, ಟವೆಲು ಸುತ್ತಿ ಮಲಗಿಸುತ್ತಿದ್ದೆ. ಎರಡು ಭುಜದ ಪಟ್ಟಿಗಳನ್ನು ಎಳೆದು ಬಿಗಿ ಮಾಡುತ್ತಿದ್ದೆ. ನಡುವೆ ಕೆಳಗಿನಿಂದ ಬರುವ ಒಂದು ಪಟ್ಟಿ ಮಾತ್ರ ಚೀಲಕ್ಕೆ ಅಡ್ಡ ಬರುತ್ತಿತ್ತು. ಅದನ್ನು ಚೀಲದ ಅಡಿಯಲ್ಲಿ ಮಡಚಿಟ್ಟು, ಭುಜದ ಪಟ್ಟಿಗಳಿಗೆ ಹುರಿದಾರ ಬಿಗಿದೆ. ಚೀಲ ಕಮಕ್ ಕಿಮಕ್ ಎನ್ನಲಿಲ್ಲ. ಅಡಿಗೆಯ ಭಟ್ಟರನ್ನು ಕರೆದು ತೋರಿಸಿದೆ. ಅವರು ಬೇಳೆಯ ಕೆನ್ನೆ ಸವರಿ, "ಅಜ್ಜನ ಹಾಗೇ ಉಂಟು" ಎಂದು ಹೋದರು.

ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಬಿಡುವ ದಿನ ನಾನೂ ಹೆಂಡತಿಯೂ ಕಾರಿನಲ್ಲಿ ಹೋದೆವು. ಹಿಂದೆ ಎಡಗಡೆ ಬೇಬಿ ಸೀಟನ್ನು ನೀಲಿ ಗುರುತು ನೋಡಿ, ಮೊಣಕಾಲೂರಿ ಕೂರಿಸಿದ್ದೆ. ಅಲ್ಲಾಡಿಸಿದರೆ ಕಾರೇ ಅಲ್ಲಾಡಿತು. ಅಳಿಯ ಚೀಲಗಳನ್ನು ತಂದು ಡಿಕ್ಕಿಯಲ್ಲಿಟ್ಟ. ಹೆಂಡತಿ ಮಗುವನ್ನು ತನ್ನ ಹಳೆಯ ನೂಲಿನ ಸೀರೆಯ ತುಂಡಿನಲ್ಲಿ, ಕೈಕಾಲು ಎಲ್ಲ ಒಳಗೆ ಸೇರಿಸಿ, ಮುಖವೊಂದೇ ಕಾಣುವಂತೆ ಸುತ್ತಿ ಎತ್ತಿಕೊಂಡು ಬಂದಳು. ಎಳೆಗೂಸನ್ನು ಹಾಗೆ ಸುತ್ತಿಯೇ ಹೊರಗೆ ತರುವುದು ನಮ್ಮ ಪದ್ಧತಿ. ಬಂದವಳೇ ಹಿಂದಿನ ಸೀಟಿನಲ್ಲಿ ಕೂತು ಮಡಿಲು ಸರಿಪಡಿಸಿಕೊಂಡಳು.

"ಅಮ್ಮ, ಪಾಪು ಸೀಟಲ್ಲಿ" ಎಂದಳು ಮಗಳು.

"ಇವತ್ತೊಂದು ದಿನ" ಎಂದಳು ಹೆಂಡತಿ. ಅವಳು ಯಾರನ್ನೂ ಬೇಡಿಕೊಂಡವಳಲ್ಲ. ಆ ದನಿಯಲ್ಲಿ ಮಾತ್ರ ಬೇಡಿಕೆಯಿತ್ತು.

ಆದರೂ ಕಾರು ಓಡಿಸುವವನು ನಾನು. "ಇವತ್ತೂ ಅದೇ ಲಾರಿಗಳು ಉಂಟಲ್ಲ ಮಾರಾಯ್ತಿ" ಎಂದು ಕೈ ಚಾಚಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿ ಮಗುವನ್ನು ಕೊಟ್ಟಳು. ನಾನು ಸೀರೆಯ ಗಂಟಿನ ಸಮೇತ ಅದನ್ನು ಸೀಟಿನಲ್ಲಿ ಮಲಗಿಸಿ, ಜೇಬಿನಿಂದ ಹುರಿದಾರ ತೆಗೆದೆ.

"ಅಪ್ಪ! ಅದೆಂಥದು?"

"ಕಟ್ಲಿಕ್ಕೆ."

"ಕಾಲಿನ ಮಧ್ಯೆ ಬರುವ ಪಟ್ಟಿ ಎಲ್ಲಿ?"

ಹುಡುಕಿದರೆ ಅದು ಮಗುವಿನ ಅಡಿಯಲ್ಲಿ ಅಚ್ಚುಕಟ್ಟಾಗಿ ಮಡಚಿಕೊಂಡಿತ್ತು. ಅದು ಎರಡು ಕಾಲುಗಳ ನಡುವೆ ಬಂದು ಭುಜದ ಪಟ್ಟಿಗಳ ಕೊಂಡಿಯನ್ನು ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಮಗು ಕೆಳಗಿನಿಂದ ಜಾರಿಬಿಡುತ್ತದೆ. ನನಗೆ ಆಗ ಹೊಳೆಯಿತು: ನಾನು ಅಷ್ಟು ದಿನ ಕಟ್ಟಿದ ಉದ್ದಿನಬೇಳೆಗೆ ಕಾಲೇ ಇರಲಿಲ್ಲ! ಸೀರೆಯಲ್ಲಿ ಸುತ್ತಿದ ಈ ಮೊಮ್ಮಗಳಿಗೂ ಇರಲಿಲ್ಲ. ವಿಷಯ ಹೇಳಿದಾಗ ಮಗಳು ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡಿ ಅಪ್ಪ, ಹೊಲಿಗೆ ನೋಯ್ತದೆ" ಎಂದು ಅಳುವಂತೆ ನಕ್ಕಳು. ನಾನು ಇಂಗು ತಿಂದ ಮಂಗನ ಹಾಗೆ ಹುರಿದಾರವನ್ನು ಜೇಬಿಗಿಟ್ಟೆ.

"ಮಾವ, ಬಟ್ಟೆ ಬಿಚ್ಚಿ ಕೂರಿಸ್ಬೇಕು. ಆಮೇಲೆ ಬೇಕಾದ್ರೆ ಮೇಲೆ ಹೊದಿಸೋಣ" ಎಂದ ಅಳಿಯ.

"ಬಿಚ್ಚುದಾ? ಗಾಳಿಯಲ್ಲಿ?" ಹೆಂಡತಿ ಗಾಬರಿಯಾದಳು. ಆದರೆ ಬೇರೆ ಯಾರಿಗೂ ಬಿಚ್ಚಲು ಬಿಡದೆ ತಾನೇ ಬಿಚ್ಚಿದಳು. ಒಂದೊಂದೇ ಸುತ್ತು ಸಡಿಲವಾಗಿ, ಕೊನೆಗೆ ಬಟಾಣಿಯಂಥ ಬೆರಳುಗಳ ಎರಡು ಕೆಂಪು ಪಾದಗಳು ಹೊರಬಂದವು. ಅವುಗಳ ನಡುವೆ ಪಟ್ಟಿ ತಂದು ಕೊಂಡಿ ಸೇರಿಸಿ, ಎಳೆದು, ಭುಜದ ಹತ್ತಿರ ಪಟ್ಟಿಯನ್ನು ಚಿವುಟಿ ನೋಡಿದೆ. ಚಿವುಟಲು ಸಿಗದಿದ್ದರೆ ಬಿಗಿ ಸರಿ ಎಂದು ಮಗಳು ಹೇಳಿದಳು. ಸಿಗಲಿಲ್ಲ. ಗದ್ದ ಎದೆಗೆ ಒತ್ತದಂತೆ ತಲೆ ಹಿಂದಕ್ಕೆ ಒರಗಿತ್ತು. ಹೆಂಡತಿ ಸೀರೆಯ ತುಂಡನ್ನು ಪಟ್ಟಿಗಳ ಮೇಲಿಂದ ಸೊಂಟದವರೆಗೆ ಹೊದಿಸಿದಳು. ಅಷ್ಟು ಹೊತ್ತು ಊರು ಎದ್ದು ಬರುವಂತೆ ಅತ್ತ ಮೊಮ್ಮಗಳು ಕಾರು ಹೊರಟಿದ್ದೇ ತಡ ನಿದ್ದೆ ಹೋದಳು.

ಮಗಳು ನನ್ನ ಪಕ್ಕ ಬೆಲ್ಟು ಹಾಕಿ ಕೂತಿದ್ದಳು. ಅಳಿಯ ಬೈಕಿನಲ್ಲಿ ಮಂತ್ರಿಯ ಕಾವಲುಗಾರನ ಹಾಗೆ ಹಿಂದೆ ಬರುತ್ತಿದ್ದ. ಹೆಂಡತಿ ಸೀಟಿನ ಪಕ್ಕ, ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಖಾಲಿ ಮಡಿಲ ಮೇಲೆ ಕೈ ಕಟ್ಟಿಕೊಂಡಿದ್ದಳು. ಕನ್ನಡಿಯಲ್ಲಿ ಅವಳನ್ನು ನೋಡಿದಾಗೆಲ್ಲ ನನಗೆ ಅವಳಿಂದ ಏನೋ ಕಿತ್ತುಕೊಂಡ ಭಾವ. ಹಾರನ್ನಿಗೂ ಬೈಗುಳಕ್ಕೂ ಹೆಸರಾದ ನಾನು ಆ ದಿನ ಯಾರಿಗೂ ಹಾರನ್ ಹೊಡೆಯದೆ, ಎತ್ತಿನಗಾಡಿ ಹೊಡೆದಂತೆ ಓಡಿಸಿದೆ.

ಬಂದರಿನ ಹತ್ತಿರ ಸಿಗ್ನಲ್ಲಿಗೆ ಇನ್ನೇನು ತಲುಪಬೇಕು, ಎಡಗಡೆಯಿಂದ ಒಂದು ಶೇರ್ ಆಟೋ ನಮ್ಮ ಮುಂದೆ ನುಗ್ಗಿ ಅಲ್ಲೇ ನಿಂತುಬಿಟ್ಟಿತು. ಬ್ರೇಕನ್ನು ಪೂರ್ತಿ ತುಳಿದೆ. ಹಿಂದೆ ದಡ್ ಎಂದು ಸದ್ದಾಯಿತು. ಹೆಂಡತಿ ಮುಗ್ಗರಿಸಿ ನನ್ನ ಸೀಟಿನ ಬೆನ್ನಿಗೆ ಬಂದು ಬಿದ್ದಿದ್ದಳು. ಆಸರೆಗೆ ತಡಕಿದ ಅವಳ ಎರಡೂ ಕೈಗಳು ನನ್ನ ತಲೆಯ ಆಚೀಚೆ ಬೆರಳು ಬಿಚ್ಚಿಕೊಂಡು ಮುಂದಕ್ಕೆ ಚಾಚಿದ್ದವು.

"ಪಾಪು!" ಎಂದು ಮಗಳು ತಿರುಗಿದಳು.

ಪಾಪು ನಿದ್ದೆಯಲ್ಲಿತ್ತು. ಸೀಟು ಇದ್ದಲ್ಲೇ ಇತ್ತು. ಹೊದಿಸಿದ ಬಟ್ಟೆ ಕೂಡ ಜರುಗಿರಲಿಲ್ಲ. ಮುದ್ದಿನ ತುಟಿ ಒಮ್ಮೆ ಚಪ್ಪರಿಸಿ ಮತ್ತೆ ತೆಪ್ಪಗಾಯಿತು.

"ನಿಂಗೆ ಪೆಟ್ಟಾಯ್ತಾ?" ಎಂದೆ ಹೆಂಡತಿಗೆ.

ಅವಳು ಹಿಂದಕ್ಕೆ ಸರಿದು ಕೂತು, ಬಿಚ್ಚಿಕೊಂಡಿದ್ದ ತನ್ನ ಕೈಗಳನ್ನು ತುಸು ಹೊತ್ತು ನೋಡಿಕೊಂಡಳು. ಮಗುವಿನ ಪಾದವನ್ನೊಮ್ಮೆ ಬಟ್ಟೆಯ ಮೇಲಿಂದಲೇ ಮುಟ್ಟಿದಳು. ಸಿಗ್ನಲ್ಲು ಹಸಿರಾಗಿ ಹಿಂದಿನವರು ಹಾರನ್ ಹೊಡೆಯತೊಡಗಿದರೂ ನಾನು ಕಾರು ಹೊರಡಿಸಲಿಲ್ಲ, ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದೆ. ಅವಳು ತನ್ನ ಪಕ್ಕದ ಬೆಲ್ಟನ್ನು, ಜೀವಮಾನದಲ್ಲಿ ಮೊದಲ ಬಾರಿಗೆ, ಸರಸರ ಎಳೆದುಕೊಂಡಳು.

"ಹೌದಾ, ಇವ್ರೇ" ಎಂದಳು, "ಇದನ್ನು ಎಲ್ಲಿ ಸಿಕ್ಕಿಸುದು?"