ಕೊರಿಯಾದಲ್ಲೂ ಅದೇ ರಾಜಿ

"ಸರ್ಯಾಗ್ ಓದೇ, ಡಿಗ್ರಿ ಮಾಡ್ದೋಳು ನೀನು," ಎಂದು ಅಕ್ಕ ಗದರಿದಳು. ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುವುದು ನನಗೊಬ್ಬಳಿಗೇ. ಮೋಸ ಮಾಡಿದ ಗಂಡನ ಮೇಲೆ ಹೆಂಡತಿ ಸೇಡು ತೀರಿಸಿಕೊಳ್ಳುವ ಕೊರಿಯನ್ ಧಾರಾವಾಹಿಯನ್ನು, ಪರದೆಯ ಕೆಳಗಿನ ಇಂಗ್ಲಿಷ್ ಸಾಲು ಓದಿ ಓದಿ ಅವಳಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಕೊನೆಯ ಕಂತಿನಲ್ಲಿ ಆ ಹೆಂಡತಿ, ಮಗುವಿಗೆ ಅಪ್ಪ ಬೇಕೆಂದು ಅವನನ್ನೇ ವಾಪಸು ಕರೆದುಕೊಂಡಳು.

ಅದನ್ನು ನಂಬದೆಯೇ ಅಕ್ಕ ಗದರಿದ್ದು. ನಾನು ಸರಿಯಾಗಿಯೇ ಓದಿದ್ದೆ. ಕತೆ ಬರೆದವರ ಮೇಲೆ ಮೈ ಉರಿಯಿತು. ಅಕ್ಕನ ಗಂಡ ಚನ್ನರಾಯಪಟ್ಟಣದಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಹೊಂದಿಕೊಂಡು ಹೋಗು ಎಂದು ಹೇಳಲು ದೊಡ್ಡಮ್ಮ ಬರುವ ಭಾನುವಾರ ಪಂಚಾಯ್ತಿ ಇಟ್ಟಿದ್ದರು. ಅದೇ ಬುದ್ಧಿಮಾತು ಕೇಳಲು ಕೊರಿಯಾ ತನಕ ಹೋಗಬೇಕಿತ್ತೇ?

"ಇದ್ನ ನಮ್ ದೊಡ್ಡಮ್ಮನೇ ಬರ್ದಿರ್ಬೇಕು ಕಣೇ," ಎಂದಳು ಅಕ್ಕ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಕ ಮಾತ್ರ ಮರುದಿನ ತಾನೇ ದೊಡ್ಡಮ್ಮನಿಗೆ ಫೋನ್ ಮಾಡಿ, ದನಿ ಏರಿಸದೆ, "ಭಾನ್ವಾರ ನಾನ್ ಬರಾಕಿಲ್ಲ, ಕಾಯ್ಬ್ಯಾಡಿ," ಎಂದಳು.