ಚನ್ನು ‘ನಂದು’ ಅಂದದ್ದು

ನಮ್ಮ ಓಣಿಯ ಚನ್ನು ಕೂತು ಚಹಾ ಕುಡಿದದ್ದನ್ನು ನೋಡಿದವರು ಶಹಾಬಾದದಲ್ಲಿ ಯಾರೂ ಇಲ್ಲ. ಎಡಗೈಯಲ್ಲಿ ಚಹಾದ ಬಸಿತಟ್ಟೆ ಹಿಡಿದು, ಬಲಗೈಯ ಬೆರಳಗಂಟಿನಿಂದ ಎದುರಿಗೆ ಸಿಕ್ಕಿದ್ದನ್ನು ಬಡಿಯುತ್ತ, ಅತ್ತಿತ್ತ ಓಡಾಡುತ್ತಲೇ ಕುಡಿದು ಮುಗಿಸುತ್ತಾನೆ. ಬಡಿಯುವುದು ಅವನ ಕಸುಬು. ಮುನಾಫಭಾಯಿಯ ಪಾಲಿಶ್ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಫರಸಿಗಳು ಲಾರಿ ಹತ್ತುವ ಮುಂಚೆ ಒಂದೊಂದನ್ನೂ ಬಡಿದು, ಕಿವಿಗೊಟ್ಟು, ಗಟ್ಟಿ ಕಲ್ಲನ್ನು ಒಂದು ಕಡೆ, ಒಳಗೆ ಬಿರುಕಿದ್ದ ಕಲ್ಲನ್ನು ಇನ್ನೊಂದು ಕಡೆ ನಿಲ್ಲಿಸುವವನು ಅವನೇ. ಒಮ್ಮೆ ನನ್ನ ಮನೆಗೆ ಬಂದವನು ಮಾತಿನ ನಡುವೆ ಗೋಡೆ, ಬಾಗಿಲು, ಟೀವಿಯ ಬೆನ್ನು ಎಲ್ಲವನ್ನೂ ಬಡಿದು ನೋಡಿದ. ಕೊನೆಗೆ ಕೈ ನನ್ನ ತಲೆಯ ಹತ್ತಿರ ಬಂತು. ನಾನು ಸರಿದು ಕೂತೆ. ಆ ಪರೀಕ್ಷೆಯ ಫಲಿತಾಂಶ ನನಗೆ ಬೇಕಿರಲಿಲ್ಲ.

ಮುನಾಫಭಾಯಿಯ ಕಾರ್ಖಾನೆಯಲ್ಲಿ ಒಂದು ರೂಢಿಯುಂಟು. ಎಷ್ಟೇ ಬಡಿದು ನೋಡಿದ್ದರೂ ಲಾರಿಗೆ ಏರಿಸುವಾಗ ಒಮ್ಮೊಮ್ಮೆ ಫರಸಿ ನಡುವೆ ಸೀಳಿ ಬೀಳುತ್ತದೆ. ಆಗ ಹೊತ್ತವನು ಕೊಯ್ದವನನ್ನು ನೋಡುತ್ತಾನೆ, ಕೊಯ್ದವನು ಬಡಿದವನನ್ನು ನೋಡುತ್ತಾನೆ, ಕೆಲಸ ನಿಲ್ಲುತ್ತದೆ. ಯಾರಾದರೊಬ್ಬ “ನಂದು” ಅನ್ನಬೇಕು. ಅಂದರೆ ಒಡಕು ಅವನ ಹೆಸರಿಗೆ ಬಿತ್ತು. ಎಲ್ಲರೂ ನಕ್ಕು, ಅವನ ದುಡ್ಡಿನಲ್ಲಿ ಚಹಾ ಕುಡಿದು, ಮತ್ತೆ ಕೆಲಸಕ್ಕೆ ಹತ್ತುತ್ತಾರೆ. ಜಗಳ ಕೇಳಿಸಿಕೊಳ್ಳಲಾರದ ಚನ್ನು ತನ್ನದಲ್ಲದ ಎಷ್ಟೋ ಒಡಕುಗಳಿಗೆ “ನಂದು” ಅಂದವನು. ಈ ಒಳ್ಳೆಯ ಗುಣವೇ ಅವನ ಮನೆಗೆ ಕ್ರೂಸರ್ ಗಾಡಿ ತಂದು ನಿಲ್ಲಿಸಿತು. ಅದನ್ನು ಹೇಳುತ್ತೇನೆ.

ಚನ್ನುವಿನ ಹೆಂಡತಿ ರಾಜೇಶ್ವರಿ ಚಂದಾಪುರದವಳು. ಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಕುಪ್ಪಸಗಳನ್ನೆಲ್ಲ ಹೊಲಿಯುತ್ತಾಳೆ. ಗಂಡ ಎಷ್ಟು ಓಡಾಡುತ್ತಾನೋ ಈಕೆ ಅಷ್ಟು ಕೂತಿರುತ್ತಾಳೆ. ಅಂತೂ ಮನೆಯ ಲೆಕ್ಕ ಸರಿಹೋಗಿತ್ತು. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಲಿಲ್ಲ. ಚನ್ನುವಿನ ತಾಯಿ ಗುರುಲಿಂಗಮ್ಮ ಮೊದಲ ಎರಡು ವರ್ಷ ಹರಕೆ ಹೊತ್ತಳು, ಮುಂದಿನ ಎರಡು ವರ್ಷ ನಿಟ್ಟುಸಿರು ಬಿಟ್ಟಳು, ಐದನೆಯ ವರ್ಷ ರಾವೂರಿನಲ್ಲಿರುವ ತನ್ನ ತಮ್ಮನ ಮಗಳ ಹೆಸರನ್ನು ಊಟದ ಹೊತ್ತಿಗೆ ತೆಗೆಯಲಾರಂಭಿಸಿದಳು. “ಆ ಹುಡುಗಿ ಭಾಳ ಛಲೋ ರೊಟ್ಟಿ ಬಡೀತಾಳ” ಎಂದಷ್ಟೇ ಅನ್ನುತ್ತಿದ್ದಳು. ಆ ರೊಟ್ಟಿಯ ಅರ್ಥ ಮೂವರಿಗೂ ಗೊತ್ತಿತ್ತು. ಚನ್ನು ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದ.

ಅಲ್ಲಿಂದ ಅವನ ತಿರುಗಾಟ ಶುರುವಾಯಿತು. ಸೇಡಂನಲ್ಲಿ ಒಬ್ಬರು ಪುಡಿ ಕೊಡುತ್ತಾರಂತೆ, ಹೋದ. ಚಿಂಚೋಳಿಯ ಕಾಡಿನಲ್ಲಿ ಬೇರು ಸಿಗುತ್ತದಂತೆ, ಹೋದ. ವಾಡಿಯಲ್ಲಿ ರೈಲು ಬದಲಿಸುವ ಹೊತ್ತಿನಲ್ಲಿ ಕೈ ನೋಡಿ ಹೇಳುವವನೊಬ್ಬನಿದ್ದಾನಂತೆ. ಅವನಿಗಾಗಿ ಹತ್ತಬೇಕಾದ ರೈಲನ್ನೇ ಬಿಟ್ಟ. ಪ್ರತಿ ಸಲವೂ ರಾಜೇಶ್ವರಿ ಯಂತ್ರ ನಿಲ್ಲಿಸಿ, ಸೀರೆ ಬದಲಿಸಿ, ಅವನ ಹಿಂದೆ ಅಲೆದು ಧೂಳು ಕುಡಿದು ಬರಬೇಕು. ನಾನೂ ಸುಮ್ಮನಿರಲಿಲ್ಲ. ಚಿತ್ತಾಪುರದ ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗೆ ಮೂರು ಮಕ್ಕಳು. ಆ ಒಂದೇ ಅರ್ಹತೆಯ ಮೇಲೆ ಓಣಿಯವರು ನನ್ನನ್ನು ಈ ವಿಷಯದಲ್ಲಿ ಪಂಡಿತನೆಂದು ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ. ದಿನಾ ಒಂದು ಎಳ್ಳುಂಡೆ ತಿನ್ನು ಎಂದು ಚನ್ನುವಿಗೆ ಗಂಭೀರವಾಗಿ ಹೇಳಿದೆ. ಅವನು ಒಂದು ಡಬ್ಬಿ ತಿಂದು ತೂಕ ಹೆಚ್ಚಿಸಿಕೊಂಡ. ಬೇರೇನೂ ಆಗಲಿಲ್ಲ.

ಕೊನೆಗೆ ರಾಜೇಶ್ವರಿಯೇ ಪಟ್ಟು ಹಿಡಿದಳು. “ಇನ್ನ ಪುಡಿ ಬ್ಯಾಡ, ಬೇರ ಬ್ಯಾಡ. ಕಲಬುರಗಿಗಿ ಹೋಗಿ ಇಬ್ರೂ ತೋರಸ್ಕೋಳಾಮು.” ಇಬ್ಬರೂ ಎಲ್ಲ ಪರೀಕ್ಷೆ ಮಾಡಿಸಿಕೊಂಡರು. ರಿಪೋರ್ಟು ನೋಡುವ ದಿನ ಚನ್ನು ನನ್ನನ್ನೂ ಜೊತೆಗೆ ಎಳೆದ. ನಾನು ಸಂಕೋಚದಿಂದ ದವಾಖಾನೆಯ ಹೊರಗೇ ನಿಂತೆ. “ಬರ್ರಿ ಸರ್ ಒಳಗ,” ಅಂದಳು ರಾಜೇಶ್ವರಿ. “ಸೇಡಂನಿಂದ ವಾಡಿತನಾ ಎಲ್ಲಾರಿಗೂ ಗೊತ್ತಾಗ್ಯಾದ. ನಿಮಗೊಬ್ಬರಿಗಿ ಯಾಕ ಮುಚ್ಚಿಡಬೇಕು?”

ಮುಸರತ ಡಾಕ್ಟರ್ ಕಾಗದಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಚನ್ನು ಅವರ ಮೇಜನ್ನು ಮೆಲ್ಲಗೆ ಬಡಿಯುತ್ತಿದ್ದ.

“ಇಬ್ರದೂ ಸರಿ ಅದ,” ಅಂದರು ಡಾಕ್ಟರ್.

“ಸರಿ ಅದಂದ್ರ ಹ್ಯಾಂಗ್ರಿ?” ಚನ್ನು ಎದ್ದು ನಿಂತ. “ಸರಿ ಇದ್ರ ಕೂಸ ಯಾಕಾಗಿಲ್ಲ? ಏನರ ಒಂದು ಬಿರುಕು ಇರಬೇಕಲ್ರಿ. ಇನ್ನೊಮ್ಮಿ ನೋಡ್ರಿ.”

“ಕುಂದ್ರಿ ನೀವು.” ಡಾಕ್ಟರಿಗೆ ಇಂಥವರ ಅಭ್ಯಾಸವಿತ್ತು. “ನಾವು ಮೂರು ಮಾತು ನೋಡ್ತೀವಿ. ಆಕಿಗಿ ತಿಂಗಳಾ ತತ್ತಿ ಬಿಡುಗಡಿ ಆಗ್ತದೇನು? ಆಗ್ತದ. ಗರ್ಭನಾಳ ತೆರೆದದೇನು? ಅದ. ನಿಮ್ಮ ವೀರ್ಯ ಸರಿ ಅದೇನು? ಅದ. ಇದರ ಆಚೆ ಒಳಗ ಇನ್ನೂ ಭಾಳ ನಡೀತದ. ತತ್ತಿ ಎಷ್ಟು ಛಲೋ ಅದ, ಎರಡೂ ಕೂಡ್ತಾವೋ ಇಲ್ಲೋ, ಕೂಡಿದ್ದು ಗರ್ಭದಾಗ ನೆಲಿ ನಿಂದರ್ತದೋ ಇಲ್ಲೋ. ಅದನ್ನೆಲ್ಲ ಪೂರಾ ತೋರಸೋ ಪರೀಕ್ಷಾ ನಮ್ಮ ಹಂತ್ಯಾಕ ಇಲ್ಲ. ಕಾರಣಾ ಇಲ್ಲಂತಲ್ಲ, ನಮಗ ಕಾಣಸಿಲ್ಲ. ಮಕ್ಕಳಾಗಲಾರದ ಹತ್ತು ಜೋಡಿ ಬಂದ್ರ ಒಂದೆರಡಕ್ಕ, ಒಮ್ಮೊಮ್ಮಿ ಮೂರಕ್ಕ ಹಿಂಗೇ ಹೇಳಿ ಕಳಸ್ತೀನಿ.”

“ಮತ್ತ ತಪ್ಪು ಯಾರದ್ರಿ?”

“ಯಾರದೂ ಅಲ್ಲ.”

ರಾಜೇಶ್ವರಿಯ ಭುಜ ಇಷ್ಟು ಕೆಳಗಿಳಿದದ್ದನ್ನು ನಾನು ನೋಡಿದೆ. ಐದು ವರ್ಷದಿಂದ ಹೊತ್ತದ್ದನ್ನು ಯಾರೋ ಇಳಿಸಿಕೊಂಡ ಹಾಗೆ. ಅದೇ ಮಾತಿಗೆ ಚನ್ನುವಿನ ಮುಖ ಬಾಡಿತು. ರೋಗವಿದೆ ಎಂದಿದ್ದರೆ ಅವನು ಹಿಗ್ಗಿ ಔಷಧಿ ಅಂಗಡಿಗೆ ಓಡುತ್ತಿದ್ದ. ಡಾಕ್ಟರ್ ಮುಂದಿನದನ್ನೂ ವಿವರಿಸಿದರು. ಇಂಥ ಜೋಡಿಗಳಲ್ಲಿ ಕೆಲವರಿಗೆ ಕಾದರೆ ತಾನಾಗಿ ಆಗುತ್ತದೆ. ಆದರೆ ರಾಜೇಶ್ವರಿಗೆ ಮೂವತ್ತು ದಾಟಿದೆ, ವರ್ಷಗಟ್ಟಲೆ ಕಾಯುವುದು ಬೇಡ. ಗುಳಿಗೆಯಿಂದ ಆರಂಭಿಸಿ, ವೀರ್ಯವನ್ನು ಗರ್ಭಕ್ಕೆ ಸೇರಿಸುವ ಸಣ್ಣ ಚಿಕಿತ್ಸೆ ಮಾಡಿ ನೋಡಬಹುದು. ಅದೂ ಫಲಿಸದಿದ್ದರೆ ದೇಹದ ಹೊರಗೆ ಭ್ರೂಣ ಮಾಡುವ ದಾರಿಯಿದೆ. ಯಾವುದಕ್ಕೂ ಖಾತ್ರಿ ಇಲ್ಲ. “ಮುಂದಿನ ಸಲ ಮುಟ್ಟಾದ ಮರುದಿನಾನೇ ಬರ್ರಿ. ಇಬ್ರೂ ಬರ್ರಿ,” ಎಂದರು.

ಮನೆಯ ಬಾಗಿಲಲ್ಲೇ ಗುರುಲಿಂಗಮ್ಮ ಕಾದು ಕೂತಿದ್ದಳು. ರಾಜೇಶ್ವರಿ ಒಳಗೆ ಹೋಗಿ ಯಂತ್ರದ ಮುಂದೆ ಕೂತಳು. ನಾನು ಕಟ್ಟೆಯ ಮೇಲೆ ನೀರಿಗಾಗಿ ಕಾಯುತ್ತಿದ್ದೆ.

“ಯಾರದಂತ?” ಕೇಳಿದಳು ಗುರುಲಿಂಗಮ್ಮ.

“ಯಾರದೂ ಅಲ್ಲ ಯವ್ವಾ.”

“ಯಾರದೂ ಅಲ್ಲಂದ್ರ ಆಕಿದೇ ಬಿಡು,” ಅಂದಳು ಮುದುಕಿ, ತರಕಾರಿ ಆರಿಸುವಷ್ಟೇ ಸಹಜವಾಗಿ. “ದೊಡ್ಡ ಡಾಕ್ಟರಂದ್ರ ಬಾಯಿಬಿಟ್ಟ ಹೇಳಾಂಗಿಲ್ಲ. ರಾವೂರಿಗೊಂದು ಫೋನ್ ಹಚ್ಚು.”

ಚನ್ನು ಬಾಗಿಲ ಚೌಕಟ್ಟನ್ನು ಬಡಿದ. ಒಳಗಿನ ಯಂತ್ರ ಕಟಕಟ ಅನ್ನುತ್ತಿತ್ತು. ಅತ್ತ ನೋಡಿದ, ಇತ್ತ ನೋಡಿದ. ಫರಸಿ ಒಡೆದಿದೆ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ಕೆಲಸ ನಿಂತಿದೆ. ಇಂಥ ಹೊತ್ತಿನಲ್ಲಿ ಏನು ಅನ್ನಬೇಕೆಂದು ಅವನ ನಾಲಿಗೆಗೆ ಗೊತ್ತಿತ್ತು.

“ನಂದು,” ಅಂದ.

ಯಂತ್ರ ನಿಂತಿತು.

ಗುರುಲಿಂಗಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ರಾವೂರಿನ ರೊಟ್ಟಿಯ ಮಾತು ಅಂದೇ ನಿಂತುಹೋಯಿತು. ಚನ್ನು ನನ್ನತ್ತ ಕಣ್ಣು ಮಿಟುಕಿಸಿದ. ನನಗೂ ಅದು ಬಲು ಜಾಣತನವೆಂದೇ ತೋರಿತು. ಅವನ ಬೆನ್ನು ಚಪ್ಪರಿಸಿದೆ. ಮೂರು ಮಕ್ಕಳಾಗುವುದಕ್ಕೂ ಬುದ್ಧಿಗೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ರಾಜೇಶ್ವರಿಗೆ ಅದು ಜಾಣತನವಾಗಿ ಕಾಣಲಿಲ್ಲ. “ಹೋಗಿ ಖರೇ ಹೇಳ್ರಿ,” ಅಂದಳಂತೆ. ಮನೆ ತಣ್ಣಗಾಗಿದೆ, ನಾಲ್ಕು ದಿನ ಹೀಗೇ ಇರಲಿ ಅಂದನಂತೆ ಇವನು. ಮನೆ ತಣ್ಣಗಿತ್ತು, ಊರು ಬಿಸಿಯಾಯಿತು. ಗುರುಲಿಂಗಮ್ಮ ಯಾರಿಗೂ ಹೇಳಬೇಡವೆಂದು ಪಕ್ಕದವಳಿಗೆ ಹೇಳಿದಳು. ಪಕ್ಕದವಳೂ ಹಾಗೆಯೇ ಹೇಳಿದಳು. ಕಾರ್ಖಾನೆಯಲ್ಲಿ ಮುನಾಫಭಾಯಿ ಅವನಿಗೆ ಭಾರ ಎತ್ತಲು ಬಿಡದಾದ. “ಅರೇ ಭಾಯಿ, ಬಿಡು, ನೀ ಬರೀ ಬಡದು ನೋಡು ಸಾಕು,” ಎಂದು ಒಣ ಅಂಜೂರ ತಂದು ಕೈಗೆ ತುರುಕಿದ. ಚಹಾದ ಅಂಗಡಿಯಲ್ಲಿ ಗುರುತಿಲ್ಲದವರು ಮೊಬೈಲಿನಲ್ಲಿ ಆಸನಗಳ ವಿಡಿಯೋ ತೋರಿಸಿದರು. ಚನ್ನು ಎಲ್ಲವನ್ನೂ ತಲೆಯಾಡಿಸಿ ಕೇಳಿ, ಇನ್ನಷ್ಟು ಬೇಗ ಬೇಗ ನಡೆದ. ತನ್ನದಲ್ಲದ ಒಡಕು ಇಷ್ಟು ಭಾರವೆಂದು ಅವನಿಗೆ ಕಾರ್ಖಾನೆಯಲ್ಲಿ ಗೊತ್ತಾಗಿರಲಿಲ್ಲ. ಅಲ್ಲಿ ಒಂದು ಸುತ್ತು ಚಹಾಕ್ಕೆ ಮುಗಿಯುತ್ತಿತ್ತು.

ಸುದ್ದಿ ಚಂದಾಪುರ ಮುಟ್ಟಿತು. ಒಂದು ಮುಂಜಾನೆ ರಾಜೇಶ್ವರಿಯ ತಂದೆ ಶಿವರಾಯ ಬಾಡಿಗೆ ಕ್ರೂಸರ್ ಮಾಡಿಕೊಂಡು ಬಂದಿಳಿದ. ಬಟ್ಟೆ ಅಂಗಡಿಯ ಮನುಷ್ಯ, ಮಾತು ಅಳೆದು ಕತ್ತರಿಸುವವನು. ಗಲಾಟೆ ಆಗಬಾರದೆಂದು ಮುನಾಫಭಾಯಿ ಬಂದ. ನೋಡಲೆಂದು ನಾನು ಹೋದೆ.

“ಬೀಗತಿ, ಸಿಟ್ಟಾಗಬ್ಯಾಡ್ರಿ,” ಅಂದ ಶಿವರಾಯ. “ಮಗಳಿಗಿ ಕರ್ಕೊಂಡು ಹೋಗಾಕ ಬಂದೀನಿ. ಆಕಿದೇನೂ ದೋಷ ಇಲ್ಲಂತ ನಿಮ್ಮ ಮಗನೇ ಒಪ್ಪಕೊಂಡಾನ. ಆಕಿ ಬಾಳು ಇಲ್ಲೇ ಯಾಕ ಒಣಗಬೇಕು?”

“ಹ್ಯಾಂಗ ಒಯ್ತೀರಿ?” ಗುರುಲಿಂಗಮ್ಮ ಹೊಸ್ತಿಲಿಗೆ ಅಡ್ಡ ಕೂತಳು. “ಕೊಟ್ಟ ಹೆಣ್ಣು ಗಂಡಗ ಕಷ್ಟ ಬಂದಾಗ ಬಿಟ್ಟು ಹೋಗ್ತದೇನ್ರಿ? ಯಾವ ಊರ ನ್ಯಾಯ ಇದು?”

ತಿಂಗಳ ಹಿಂದೆ ಇದೇ ಬಾಯಿ ರಾವೂರಿಗೆ ಫೋನು ಹಚ್ಚಲು ಹೇಳಿತ್ತು. ನಾನು ನಗಬೇಕೆಂದವನು ಚನ್ನುವಿನ ಮುಖ ನೋಡಿ ನುಂಗಿಕೊಂಡೆ. ಅವನ ಕೈ ಬಡಿಯುವುದನ್ನು ಮರೆತು ನಿಂತಿತ್ತು.

“ಮಾವಾರೆ, ಹಂಗಲ್ರಿ,” ಅಂದ ಅವನು. “ನಂದೂ ಏನಿಲ್ರಿ. ಸುಮ್ಮ ಅಂದೆ.”

“ಹೂಂ. ಹೆಂಡತಿ ಹೊಂಟಾಳಂದ ಕೂಡ್ಲೆ ಆರಾಮಾತು,” ಅಂದ ಶಿವರಾಯ. ಚನ್ನುವಿನ ಮಾತನ್ನು ನನ್ನ ಹೊರತು ನಂಬುವವರು ಅಲ್ಲಿ ಯಾರೂ ಇರಲಿಲ್ಲ. ಮುನಾಫಭಾಯಿ ಕೂಡ ಮರುಕದಿಂದ ಲೊಚಗುಟ್ಟಿದ.

ಆಗ ರಾಜೇಶ್ವರಿ ಹೊರಬಂದಳು. ಹೊರಡುವ ಸೀರೆ ಉಟ್ಟಿದ್ದಳು, ಕೈಯಲ್ಲಿ ಚೀಲವಿತ್ತು. ಚನ್ನು ಗೋಡೆಗೆ ಒರಗಿದ.

“ಖರೇನೇ ಅದ ಅಪ್ಪಾ. ಡಾಕ್ಟರ್ ಹೇಳುವಾಗ ನಾನೂ ಅಲ್ಲೇ ಇದ್ದೆ. ಇವರದೂ ಇಲ್ಲ, ನಂದೂ ಇಲ್ಲ.” ಗಂಡನ ಕಡೆ ತಿರುಗಿದಳು. “ನಂದು ಅಂದ್ರಿ. ನನಗ ಒಂದ್ ಮಾತು ಕೇಳಿದ್ರೇನು? ಇದೇನು ಒಡೆದ ಫರಸಿ ಏನ್ರಿ, ಯಾರರ ಒಬ್ರು ಹೆಸರ ಹಚ್ಕೊಂಡ್ರ ಮುಗೀಲಿಕ್ಕ? ನಮ್ಮದ್ಯಾವುದೂ ಇನ್ನ ಒಡೆದಿಲ್ಲ.”

“ಮತ್ತ ಕೂಸ ಯಾಕಾಗಿಲ್ಲ ರಾಜವ್ವಾ?” ಶಿವರಾಯನ ದನಿ ಈಗ ಇಳಿದಿತ್ತು.

“ಗೊತ್ತಿಲ್ಲ.”

“ಗೊತ್ತಿಲ್ಲಂದ್ರ?”

“ಗೊತ್ತಿಲ್ಲಪ್ಪ. ಕಲತವರಿಗೇ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳ್ಯಾರ. ನಿಮಗ್ಯಾರಿಗೂ ಅದೊಂದು ಮಾತು ಹೇಳಾಕ ಬರವಲ್ದು.” ಚೀಲವನ್ನು ಹೆಗಲಿಗೇರಿಸಿದಳು. “ಡಾಕ್ಟರ್ ಬಾ ಅಂದ ದಿನ ಇವತ್ತು. ಇವತ್ತು ತಪ್ಪಿದ್ರ ಮತ್ತೊಂದು ತಿಂಗಳು. ಇಷ್ಟು ದೂರ ಗಾಡಿ ತಂದೀ, ಹತ್ತತೀನಿ. ಆದ್ರ ಚಂದಾಪುರಕ್ಕಲ್ಲ, ಕಲಬುರಗಿಗಿ. ಇವರೂ ಬರಬೇಕು.” ಮತ್ತೆ ಗಂಡನನ್ನು ನೋಡಿದಳು. “ಬರ್ತೀರೋ, ಇಲ್ಲ ಇನ್ನೂ ಕಾರಣಾ ಹುಡಕ್ಲಿಕ್ಕ ಸೇಡಂಗ ಹೋಗ್ತೀರೋ?”

ಚನ್ನು ಚಪ್ಪಲಿ ಮೆಟ್ಟದೇ ಗಾಡಿ ಹತ್ತಿದ. ಶಿವರಾಯ ಡ್ರೈವರನ ಪಕ್ಕ ಕೂತ. ಗಾಡಿ ಹೊರಡುವ ಹೊತ್ತಿಗೆ ಗುರುಲಿಂಗಮ್ಮ ಸೆರಗು ಬಿಗಿದು ನಡುವಿನ ಸೀಟಿಗೆ ತೂರಿಕೊಂಡಳು. “ಆ ಡಾಕ್ಟರಿಗಿ ನಾನೇ ಕೇಳ್ತೀನಿ,” ಅಂದಳು. ಮುನಾಫಭಾಯಿ ಅಂಜೂರದ ಪೊಟ್ಟಣವನ್ನು ಕಿಟಕಿಯಿಂದ ಒಳಗೆ ಎಸೆದ. ನನಗೆ ಜಾಗ ಉಳಿಯಲಿಲ್ಲ. ಯಾರೂ ಕರೆಯಲೂ ಇಲ್ಲ.

ಇದಾಗಿ ಕೆಲವು ತಿಂಗಳಾದವು. ಗುಳಿಗೆ ಮುಗಿದು ಚಿಕಿತ್ಸೆ ನಡೆದಿದೆ. ಒಮ್ಮೆ ಫಲಿಸಲಿಲ್ಲ, ಇನ್ನೊಮ್ಮೆ ನೋಡುತ್ತಿದ್ದಾರೆ. ಆಗಿಯೇ ತೀರುತ್ತದೆಂದು ಬರೆಯುವ ಧೈರ್ಯ ನನಗಿಲ್ಲ, ಎಳ್ಳುಂಡೆಯ ನೆನಪಿದೆ. ಚನ್ನು ಈಗಲೂ ಕೂರುವುದಿಲ್ಲ. ಮೊನ್ನೆ ಕಾರ್ಖಾನೆಯಲ್ಲಿ ಒಂದು ಫರಸಿ ನಡುವೆ ಸೀಳಿತಂತೆ. ಎಲ್ಲರೂ ರೂಢಿಯಂತೆ ಅವನ ಕಡೆ ನೋಡಿದರೆ, “ಗೊತ್ತಿಲ್ಲ” ಅಂದನಂತೆ. ಹೀಗೆಂದವನನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಬಹಳ ಹೊತ್ತು ಕೆಲಸ ನಿಂತಿತಂತೆ. ಕಡೆಗೆ ಮುನಾಫಭಾಯಿಯೇ ಎಲ್ಲರಿಗೂ ಚಹಾ ಹೇಳಿದನಂತೆ.

ನಿನ್ನೆ ಸಂಜೆ ನಾನು ಅವರ ಮನೆಯ ಮುಂದೆ ಹಾದು ಬರುವಾಗ ಪಕ್ಕದವಳು ಕಟ್ಟೆಗೆ ಬಂದು ದನಿ ತಗ್ಗಿಸಿ ಕೇಳುತ್ತಿದ್ದಳು: “ಅಲ್ಲವ್ವಾ, ಕಡೀಗಿ ಅದು ಯಾರದಂತ ತಿಳೀತು?”

ಗುರುಲಿಂಗಮ್ಮ ಅಕ್ಕಿಯ ಮೊರದಿಂದ ತಲೆ ಎತ್ತಲಿಲ್ಲ. “ಒಳಗ ಭಾಳ ನಡೀತದ ತಂಗೀ. ನಮಗ ಕಾಣಸಾಂಗಿಲ್ಲ,” ಅಂದಳು.

ಒಳಗೆ ಯಂತ್ರ ಕಟಕಟ ಅನ್ನುತ್ತಿತ್ತು. ಅದರ ಪಕ್ಕ ಚನ್ನು ಚಹಾದ ಬಸಿ ಹಿಡಿದು, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯುತ್ತಿದ್ದ. “ಕಾಲಾಗ ಬರಬ್ಯಾಡ್ರಿ, ಎಳಿ ಹರೀತದ,” ಅಂದಳು ರಾಜೇಶ್ವರಿ. ಅವನು ಒಂದು ಹೆಜ್ಜೆ ಆಚೆ ಸರಿದು, ಮತ್ತೆ ನಡೆಯತೊಡಗಿದ.