ರೆಕ್ಕೆ ಉದುರಿಸುವ ನೊಣ

ಕಾಡು ಕಾಯುವವನಿಗೆ ಹಲ್ಲು, ಕೊಂಬು ಇರುವ ಪ್ರಾಣಿಗಳದ್ದೇ ಕಾಟ ಎಂದು ಊರಿನವರು ತಿಳಿದಿದ್ದರು. ಆದರೆ ಕೆಂಡಪ್ಪನ ಪ್ರಾಣ ಹಿಂಡುತ್ತಿದ್ದದ್ದು ಒಂದು ನೊಣ. ಕೆಂಡಪ್ಪ ಅವನ ಹೆಸರಲ್ಲ. ಮುಟ್ಟಿದರೆ ಸುಡುತ್ತಾನೆ ಎಂದು ಜೊತೆಯ ಗಾರ್ಡುಗಳು ಇಟ್ಟದ್ದು, ಹಾಗೇ ಅಂಟಿಕೊಂಡಿತು.

ಮಳೆ ನಿಂತು ಎಲೆ ಹಣ್ಣಾಗುವ ಹೊತ್ತಿಗೆ ಜಿಂಕೆ ನೊಣ ಏಳುತ್ತದೆ. ಜಿಂಕೆಯ ಮೈಮೇಲೆ ಕೂತದ್ದೇ ತಡ, ಇನ್ನು ಹಾರುವ ಕೆಲಸ ಮುಗಿಯಿತು ಎಂಬಂತೆ ರೆಕ್ಕೆ ಉದುರಿಸಿಕೊಂಡು, ಕೂದಲೊಳಗೆ ನುಸುಳಿ ರಕ್ತ ಹೀರತೊಡಗುತ್ತದೆ. ಚಪ್ಪಟೆ ಮೈ, ಉಗುರಿನಿಂದ ಒತ್ತಿದರೂ ಸಾಯದು. ಆ ವರ್ಷವಂತೂ ವಿಪರೀತ. ಜಿಂಕೆಗಳು ಮರಕ್ಕೆ ಉಜ್ಜಿಕೊಂಡು ಉಜ್ಜಿಕೊಂಡು ಪಕ್ಕೆಯ ಕೂದಲೆಲ್ಲ ಕಳೆದುಕೊಂಡಿದ್ದವು. ಸೊರಗಿದವನ್ನು ಬಲೆ ಹಾಕಿ ಹಿಡಿದು, ಡಾಕ್ಟರು ಬೆನ್ನಿಗೆ ಔಷಧಿ ಸುರಿಯುವವರೆಗೆ ಅದುಮಿಕೊಂಡಿರುವ ಕೆಲಸ ಕೆಂಡಪ್ಪನ ಪಾಲಿಗೆ ಬಂತು.

“ನಿನ್ನ ಒಳ್ಳೇದಕ್ಕೇ ಕಣೇ, ಒಂದ್ನಿಮಿಷ ಸುಮ್ನಿರು ನನ್ನ ತಾಯಿ,” ಎಂದು ಅವನು ಬೇಡಿಕೊಂಡರೆ ಜಿಂಕೆ ಮೊಣಕಾಲಿಗೇ ಒದೆಯುತ್ತಿತ್ತು. ಅದರ ಮೈ ಬಿಟ್ಟ ನೊಣಗಳು ಇವನ ಕೋಟಿನೊಳಗೆ ಸೇರುತ್ತಿದ್ದವು.

ಆ ಕೋಟನ್ನೇ ಅವನು ಮನೆಗೆ ತಂದು, ಬಾಗಿಲ ಹಿಂದಿನ ಮೊಳೆಗೆ, ತಂಗಿಯ ಶಾಲಿನ ಮೇಲೆ ನೇತುಹಾಕುತ್ತಿದ್ದ.

“ಅಣ್ಣಾ, ಅದನ್ನ ಹೊರಗೇ ಕೊಡವಿ ಅಲ್ಲೇ ಬಿಡು ಅಂತ ಎಷ್ಟು ಸಲ ಹೇಳ್ಬೇಕು?”

“ದಿನವಿಡೀ ಒದೆ ತಿಂದು ಬಂದೋನು ಕೋಟು ನೇತುಹಾಕೋಕೂ ನಿನ್ನ ಅಪ್ಪಣೆ ಕೇಳ್ಬೇಕೇನೇ?”

ಗಂಡ ತೀರಿಕೊಂಡ ಮೇಲೆ ತಂಗಿ ಅಣ್ಣನ ಮನೆ ಸೇರಿದ್ದಳು. ಪೇಟೆಬೀದಿಯ ಹೆಂಗಸರ ಪಾರ್ಲರಿನಲ್ಲಿ ಕೂದಲು ಕತ್ತರಿಸುವುದನ್ನು ಕಲಿತು, ಅಲ್ಲೇ ಕೆಲಸಕ್ಕೆ ನಿಂತಿದ್ದಳು. ತನ್ನದು ಎಂದು ಅವಳಿಗೆ ಉಳಿದಿದ್ದದ್ದು ಅದೊಂದೇ.

ಒಂದು ದಿನ ಮಧ್ಯಾಹ್ನಕ್ಕೇ ಅವಳು ಮುಖ ಊದಿಸಿಕೊಂಡು ಮನೆಗೆ ಬಂದಳು. ಗಿರಾಕಿಯ ಮೇಲೆ ಬಾಗಿದಾಗ ಇವಳ ಕತ್ತಿನಿಂದ ಏನೋ ಒಂದು ಹುಳು, ಗಿರಾಕಿಗೆ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಬಿದ್ದು ಹರಿದಾಡಿತಂತೆ. ಗಿರಾಕಿ ಹೇನು ಹೇನು ಎಂದು ಕಿರುಚಿಕೊಂಡು ಎದ್ದುಹೋದಳಂತೆ.

“ಬೇರೆಯವ್ರ ತಲೆ ನೋಡೋಳ ತಲೇಲೇ ಹೇನಿದ್ರೆ ಅಂಗಡಿಗೆ ಬೀಗ ಹಾಕ್ಬೇಕಾಗುತ್ತೆ, ನಾಳೆಯಿಂದ ಬರ್ಬೇಡ ಅಂದ್ರು ಮೇಡಂ.”

ಕೆಂಡಪ್ಪನಿಗೆ ಉರಿದುಹೋಯಿತು. “ಅದು ಹೇನಲ್ಲ. ನಮ್ಮ ಕಾಡಿನ ನೊಣ.”

“ರೆಕ್ಕೇನೇ ಇಲ್ದಿರೋ ನೊಣ ಅಂದ್ರೆ ಯಾರು ನಂಬ್ತಾರಣ್ಣ? ನಿನ್ನ ಕೋಟಿಂದಾನೇ ಬಂದಿರೋದು.”

“ನಾನು ನಂಬಿಸ್ತೀನಿ.”

“ಅಲ್ಲಿ ಹೋಗಿ ಜಗಳ ತೆಗೀಬೇಡ.”

“ನಾನ್ಯಾವಾಗ ಜಗಳ ತೆಗೆದಿದೀನಿ?”

ತಂಗಿ ಎದ್ದು ಅವನ ಕೋಟನ್ನು ಮೊಳೆಯಿಂದ ಕಿತ್ತು ಅಂಗಳಕ್ಕೆ ಎಸೆದಳು.

ಮರುದಿನ ಬೆಳಿಗ್ಗೆ ರೆಕ್ಕೆಯಿರುವ ನೊಣ ಹಿಡಿಯಲು ಕಾಡಿಗೆ ಹೋದ. ಬೇಡವೆಂದಾಗ ಮೂಗಿನ ತುದಿಗೇ ಬಂದು ಕೂರುವ ದರಿದ್ರಗಳು ಬೇಕೆಂದಾಗ ಒಂದೂ ಕಾಣಲಿಲ್ಲ. ಪೊದೆಪೊದೆ ಅಲೆದು, ಕಾಡಿಗೆಲ್ಲ ಶಾಪ ಹಾಕಿ, ಕಡೆಗೆ ಒಂದನ್ನು ಔಷಧಿ ಬಾಟಲಿಯೊಳಗೆ ಕೂಡಿಹಾಕಿದ. ತಂಗಿಯನ್ನು ಕರೆದುಕೊಂಡು ಪಾರ್ಲರಿಗೆ ಬಂದ.

ಒಡತಿ ತಲೆಗೂದಲನ್ನು ಗೋಪುರದಂತೆ ಎತ್ತಿ ಕಟ್ಟಿಕೊಂಡು ಕನ್ನಡಿ ಒರೆಸುತ್ತಿದ್ದಳು. ಗೋಡೆಪಕ್ಕದ ಬೆಂಚಿನಲ್ಲಿ ಒಬ್ಬ ಗಿರಾಕಿ ಕಾಯುತ್ತಿದ್ದಳು.

“ನೋಡಿ ಮೇಡಂ, ಇದು ಮೈಮೇಲೆ ಕೂತ್ಮೇಲೆ ರೆಕ್ಕೆ ಉದುರಿಸುತ್ತೆ. ನಿನ್ನೆ ನಿಮ್ಮ ಗಿರಾಕಿ ಮೇಲೆ ಬಿದ್ದಿದ್ದು ಇದೇ,” ಎಂದು ಕೆಂಡಪ್ಪ ನೊಣವನ್ನು ತನ್ನ ಮುಂಗೈ ಮೇಲೆ ಬಿಟ್ಟುಕೊಂಡ.

ನೊಣ ಕೂತಿತು. ರೆಕ್ಕೆ ಉದುರಲಿಲ್ಲ.

“ತಡೀರಿ, ಉದುರ್ತಾವೆ.”

“ಎಷ್ಟೊತ್ತು ತಡೀಬೇಕು? ನನಗೆ ಕೆಲ್ಸ ಇದೆ.”

“ಉದುರಿಸೇ, ನಿನಗೇನು ರೋಗ?” ಎಂದು ಅವನು ರೇಗಿ ಬೆರಳಿಂದ ತಿವಿದ. ನೊಣ ಬುರ್ರನೆ ಎದ್ದು, ನೇರವಾಗಿ ಒಡತಿಯ ಕೂದಲ ಗೋಪುರದೊಳಗೆ ಹೊಕ್ಕಿತು.

ಒಡತಿ ಎರಡು ಕೈಯಿಂದ ತಲೆ ಹಿಡಿದುಕೊಂಡು ಕುಣಿದಾಡಿದಳು. ಕೆಂಡಪ್ಪ ಸಹಾಯಕ್ಕೆ ಕೈ ಚಾಚಿದ. “ಮುಟ್ಬೇಡ್ರೀ,” ಎಂದು ಅವಳು ಗದರಿದಳು. ತಂಗಿಯೇ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕತ್ತಿಗೆ ಬಿಳಿ ಬಟ್ಟೆ ಸುತ್ತಿ, ಒಂದೊಂದೇ ಪಿನ್ನು ಕಿತ್ತು, ಎಳೆ ಎಳೆಯಾಗಿ ಬಾಚತೊಡಗಿದಳು. ಬಹಳ ಹೊತ್ತು ಏನೂ ಸಿಗಲಿಲ್ಲ. ಒಡತಿ ಕಣ್ಣು ಮುಚ್ಚಿಕೊಂಡು ಅಣ್ಣನಿಗೂ ಕಾಡಿಗೂ ಸೇರಿಸಿ ಬೈಯುತ್ತಲೇ ಇದ್ದಳು. ಮೊದಲು ಬಟ್ಟೆಯ ಮೇಲೆ ಒಂದು ರೆಕ್ಕೆ ಬಿತ್ತು, ಆಮೇಲೆ ಇನ್ನೊಂದು. ಕೊನೆಗೆ ಬಾಚಣಿಗೆಯ ಹಲ್ಲಿಗೆ ಸಿಕ್ಕಿ, ರೆಕ್ಕೆಯಿಲ್ಲದ ಚಪ್ಪಟೆ ಹುಳು ಕಾಲಾಡಿಸುತ್ತ ಹೊರಬಂತು.

“ಇದೇನಾ ನಿನ್ನೆ ಬಿದ್ದಿದ್ದು?” ಒಡತಿ ಮೆಲ್ಲಗೆ ಕೇಳಿದಳು.

“ಇದೇ ಮೇಡಂ,” ಎಂದಳು ತಂಗಿ.

ಬೆಂಚಿನ ಮೇಲಿದ್ದ ಗಿರಾಕಿ ಕತ್ತು ಉದ್ದ ಮಾಡಿದಳು. “ಅಯ್ಯೋ, ನಿಮ್ಮ ತಲೇಲಿ ಹೇನಾ ಮೇಡಂ?”

“ಹೇನು ಎಲ್ಲಿಂದ ಬರ್ಬೇಕು ನನ್ನ ತಲೆಗೆ? ನೊಣ ಅದು. ಕಾಡಿನ ನೊಣ. ಕೂತ್ಮೇಲೆ ರೆಕ್ಕೆ ಉದುರಿಸುತ್ತೆ, ಅಷ್ಟೂ ಗೊತ್ತಿಲ್ವಾ ನಿಮ್ಗೆ?”

ಹೇಳಿಯಾದ ಮೇಲೆ ಅವಳು ಕನ್ನಡಿಯಲ್ಲಿ ತಂಗಿಯ ಮುಖ ನೋಡಿದಳು. ಕೆಮ್ಮಿದಳು. “ಏನೇ ನಿಂತ್ಕೊಂಡು ನೋಡ್ತಿದೀಯ? ನನ್ನ ಕೂದಲು ಕಟ್ಟು. ಆಮೇಲೆ ಅವ್ರನ್ನ ಕೂರಿಸು.”

ತಂಗಿ ಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡಳು.

“ಹಾಗಾದ್ರೆ ನಿನ್ನೆ ಇವಳಿಗೆ ಅಂದ ಮಾತಿಗೆ—” ಎಂದು ಕೆಂಡಪ್ಪ ಶುರುಮಾಡಿದ. ತಂಗಿ ಪಿನ್ನು ಕಚ್ಚಿಕೊಂಡೇ ಅವನತ್ತ ಒಂದು ನೋಟ ಎಸೆದಳು. ಖಾಲಿ ಬಾಟಲಿ ಜೇಬಿಗೆ ತುರುಕಿ, ಅವನು ದಡದಡನೆ ಮೆಟ್ಟಿಲಿಳಿದ.